ಎಂಟು ಮಳೆಗಾಲ ಕಂಡ ಡಿಕ್ಷನರಿ: ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಬಳಸಿದವಳ ಮಾತು

2017ರ ಬೇಸಿಗೆ. ನಮ್ಮ ಹೋಂಸ್ಟೇಯಲ್ಲಿ ಎರಡು ರಾತ್ರಿಗೆ ರೂಮು ಹಿಡಿದಿದ್ದ ನಾಲ್ವರು ಇಂಗ್ಲಿಷಿನಲ್ಲಿ ಒಂದು ಮೆಸೇಜು ಕಳಿಸಿದರು, ಟ್ರಿಪ್ಪು ‘ಕಾಲ್ ಆಫ್’ ಮಾಡಬೇಕಾಗಿದೆ ಎಂದು. ಫೋನಿನಲ್ಲಿದ್ದ ಒಂದು ಆ್ಯಪಿಗೆ ‘ಕಾಲ್’ ಅಂತ ಹಾಕಿದೆ. ‘ಕರೆ, ಕೂಗು’ ಎಂದು ತೋರಿಸಿತು. ಫೋನ್ ಮಾಡುತ್ತಾರೆ ಅಂದುಕೊಂಡು ಬೆಳಿಗ್ಗೆಯೇ ಕೋಳಿ ತರಿಸಿ, ಕಡುಬಿಗೆ ಅಕ್ಕಿತರಿ ನೆನೆಹಾಕಿ, ಸಂಜೆಯವರೆಗೂ ಗೇಟಿನ ಕಡೆ ಕಣ್ಣು ನೆಟ್ಟು ಕೂತಿದ್ದೆ. ಮಾರನೇ ದಿನ ತಂಗಿಯ ಮಗಳು ಮೆಸೇಜು ಓದಿ, “ರದ್ದು ಮಾಡಿದ್ದಾರೆ ಅಂತ ದೊಡ್ಡಮ್ಮ” ಎಂದಳು.

ಅದೇ ವಾರ ಮಡಿಕೇರಿಗೆ ಹೋಗಿ ಈ ಡಿಕ್ಷನರಿಯ ಒಂಬತ್ತನೇ ಆವೃತ್ತಿ ತಂದೆ. ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ ಕಲಿತವಳು ನಾನು. ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಪುಸ್ತಕ ನನಗೆ ದಕ್ಕೀತೇ ಎಂಬ ಅಳುಕಿತ್ತು. ದಕ್ಕಿತು. ಕಾರಣ, ಇದು ಇಂಗ್ಲಿಷ್ ಬಲ್ಲವರಿಗಾಗಿ ಮಾಡಿದ್ದಲ್ಲ. ಎ. ಎಸ್. ಹಾರ್ನ್‌ಬಿ ಎಂಬ ಮೇಷ್ಟ್ರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಅಲ್ಲಿನ ವಿದ್ಯಾರ್ಥಿಗಳನ್ನು ಕಣ್ಣೆದುರು ಇಟ್ಟುಕೊಂಡು ಕಟ್ಟಿದ ನಿಘಂಟು. 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡಿನಿಂದ ಬಂತು. ಅರ್ಥ ವಿವರಿಸಲು ಬಳಸುವುದು ಬಹುಮಟ್ಟಿಗೆ ಆಯ್ದ 3000 ಪದಗಳನ್ನೇ. ಆ ಪದಗಳ ಪಕ್ಕ ಒಂದು ಪುಟ್ಟ ಕೀಲಿಕೈ ಚಿತ್ರ ಇರುತ್ತದೆ. ಮೊದಲ ವರ್ಷ ನಾನು ಕೀಲಿಕೈ ಇದ್ದವನ್ನು ಮಾತ್ರ ಕಲಿತೆ, ದಿನಕ್ಕೆ ಐದು. ‘ಕಾಲ್’ ತೆಗೆದು ನೋಡಿದರೆ, ಅದರ ಅರ್ಥಗಳೆಲ್ಲ ಮುಗಿದ ಮೇಲೆ ‘ಆಫ್’ ಸೇರಿದಾಗ ಏನಾಗುತ್ತದೆ ಎಂದು ಬೇರೆಯಾಗಿಯೇ ಕೊಟ್ಟಿದ್ದರು.

ಆದರೆ ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಅರ್ಥಕ್ಕಿಂತ, ಯಾವ ಪದದ ಜೊತೆ ಯಾವ ಪದ ಕೂರುತ್ತದೆ ಎಂಬ ಮಾಹಿತಿ. ನಮ್ಮಲ್ಲಿ ಮಳೆಯೂ ಜೋರು, ಗಾಳಿಯೂ ಜೋರು. ಹಾಗಾಗಿ ಅತಿಥಿಗಳಿಗೆ ‘ಸ್ಟ್ರಾಂಗ್ ರೈನ್’ ಎನ್ನುತ್ತಿದ್ದೆ. ಉದಾಹರಣೆ ವಾಕ್ಯಗಳನ್ನು ಓದುತ್ತಾ ಹೋದಾಗ ಗೊತ್ತಾಯಿತು: ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಕಾಫಿಯೂ ‘ಸ್ಟ್ರಾಂಗ್’. ಇದಕ್ಕೆ ನಿಯಮ ಅಂತ ಏನಿಲ್ಲ, ರೂಢಿ ಅಷ್ಟೇ. ನಾವು ಬಟ್ಟೆ ಉಡುತ್ತೇವೆ, ಹೂ ಮುಡಿಯುತ್ತೇವೆ, ಬಳೆ ತೊಡುತ್ತೇವಲ್ಲ, ಹಾಗೆ. ಈ ರೂಢಿಯನ್ನು ಬರೀ ಅರ್ಥ ಕೊಡುವ ನಿಘಂಟು ಹೇಳಿಕೊಡುವುದಿಲ್ಲ.

ನಾಮಪದಗಳ ಪಕ್ಕದ ‘ಯು’ ಎಂಬ ಅಕ್ಷರವನ್ನು ದಯವಿಟ್ಟು ಕಡೆಗಣಿಸಬೇಡಿ. ಎಣಿಸಲು ಬಾರದ್ದು ಎಂದು ಅದರ ಅರ್ಥ. ಲಗೇಜ್, ಫರ್ನಿಚರ್, ಇನ್ಫರ್ಮೇಷನ್ ಇವಕ್ಕೆ ‘ಸ್’ ಹಚ್ಚುವಂತಿಲ್ಲ. ಇದರ ಬೆಲೆ ನನಗೆ ತಿಳಿದದ್ದು 2018ರ ಆಗಸ್ಟಿನಲ್ಲಿ. ಗುಡ್ಡ ಕುಸಿದು ಊರೂರೇ ಕಂಗಾಲಾಗಿದ್ದ ದಿನಗಳವು. ಪಕ್ಕದ ಮನೆಯವರ ಅಡುಗೆಮನೆ ಗೋಡೆ ಬಿದ್ದಿತ್ತು. ಹೊರಗಿನಿಂದ ನೆರವು ಕೊಡಲು ಬಂದವರಿಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದುಕೊಡು ಎಂದರು. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಚಿಮಣಿ ಬೆಳಕಿನಲ್ಲಿ ‘ಡ್ಯಾಮೇಜಸ್’ ಅಂತ ಬರೆದು, ಅನುಮಾನ ಬಂದು ಪುಟ ತಿರುಗಿಸಿದೆ. ಆದ ಹಾನಿಗೆ ‘ಡ್ಯಾಮೇಜ್’, ಎಣಿಸುವಂತಿಲ್ಲ. ‘ಡ್ಯಾಮೇಜಸ್’ ಎಂದರೆ ಕೋರ್ಟು ಕೊಡಿಸುವ ಪರಿಹಾರದ ಹಣ. ಆ ಒಂದು ‘ಸ್’ ಹೊಡೆದು ಹಾಕಿ, ಗೋಡೆಯ ಉದ್ದ ಅಗಲ ಬರೆದು, ಕಾಗದ ಅವರ ಕೈಗಿಟ್ಟೆ. ಅವತ್ತು ಈ ಪುಸ್ತಕದ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಉಚ್ಚಾರದ ಚಿಹ್ನೆಗಳು ಮೊದಲು ಕಷ್ಟವೇ. ಬರೆದಂತೆ ಓದುವ ಭಾಷೆ ನಮ್ಮದು. ಎಲ್ಲವನ್ನೂ ಒಮ್ಮೆಗೇ ಕಲಿಯಲು ಹೋಗದೆ, ಮೇಲ್ಗಡೆಯ ಸಣ್ಣ ನೆಟ್ಟಗೆರೆಯೊಂದನ್ನೇ ಹಿಡಿದುಕೊಳ್ಳಿ. ಅದರ ಮುಂದಿನ ಭಾಗಕ್ಕೆ ಒತ್ತು ಕೊಡಬೇಕು. ನಾವು ‘ಹೋಟ್ಲು’ ಎನ್ನುವಾಗ ‘ಹೋ’ ಒತ್ತುತ್ತೇವೆ, ಅವರು ‘ಟೆಲ್’ ಒತ್ತುತ್ತಾರೆ. ಇದಿಷ್ಟು ತಿದ್ದಿಕೊಂಡ ಮೇಲೆ ಅತಿಥಿಗಳು “ಏನಂದಿರಿ?” ಎಂದು ಮತ್ತೆ ಕೇಳುವುದು ಎಷ್ಟೋ ಕಡಿಮೆಯಾಯಿತು.

ಇನ್ನು, ಇದೊಂದಿದ್ದರೆ ಸಾಕೇ ಎಂದು ಕೇಳಿದರೆ, ಸಾಲದು. ಮರ, ಹಕ್ಕಿ, ಸಾಂಬಾರ ಪದಾರ್ಥಗಳ ವಿಷಯದಲ್ಲಿ ಇಂಗ್ಲಿಷ್ ವಿವರಣೆ ಎರಡು ಸಾಲು ಓದಿದರೂ ವಸ್ತು ಕಣ್ಣಿಗೆ ಕಟ್ಟುವುದಿಲ್ಲ. ‘ಕಾರ್ಡಮಮ್’ಗೆ ಅಡುಗೆಗೆ ಹಾಕುವ ಒಂದು ಗಿಡದ ಬೀಜ ಎನ್ನುವ ಬದಲು ‘ಏಲಕ್ಕಿ’ ಎಂದರೆ ಮುಗಿಯಿತಲ್ಲ! ಅದಕ್ಕೇ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ವಸ್ತುವಿನ ಹೆಸರಿಗೆ ಅದು, ಕ್ರಿಯಾಪದಕ್ಕೆ ಇದು. ತೋಟದ ಮಾತುಗಳಿಗೆ ಎರಡೂ ಅಲ್ಲ. ‘ಪಾರ್ಚ್‌ಮೆಂಟ್’ ಎಂದರೆ ಬರೆಯಲು ಬಳಸುತ್ತಿದ್ದ ಕುರಿ, ಆಡಿನ ಚರ್ಮದ ಹಾಳೆ ಎಂದು ಓದಿ ಬೆರಗಾದೆ. ನಮಗೆ ಅದು ಪಲ್ಪಿಂಗ್ ಮಾಡಿ, ಅಂದರೆ ಹಣ್ಣಿನ ಹೊರಸಿಪ್ಪೆ ಕಳಚಿ, ತೊಳೆದು, ಕಣದಲ್ಲಿ ಒಣಗಿಸಿದ ಒಳಸಿಪ್ಪೆ ಸಮೇತದ ಕಾಫಿ ಬೀಜ. ಅಂಥವಕ್ಕೆ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ನನ್ನದೇ ಒಂದು ಪಟ್ಟಿ ಬೆಳೆಯುತ್ತಿದೆ.

ಹತ್ತನೇ ಆವೃತ್ತಿ 2020ರಲ್ಲಿ ಬಂದಿದೆ. ಹೊಸದಾಗಿ ಕೊಳ್ಳುವವರು ಅದನ್ನೇ ನೋಡಿ. ಇದರ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಪದ ಹುಡುಕಬಹುದು, ಬ್ರಿಟಿಷ್ ಮತ್ತು ಅಮೆರಿಕನ್ ಎರಡೂ ಉಚ್ಚಾರ ಕೇಳಬಹುದು. ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದೆ ಕೂರುವ ನಮ್ಮಂಥವರಿಗೆ ಮಾತ್ರ ಕಾಗದದ್ದೇ ಬೇಕು. ಆದರೆ ಹಾಳೆ ತೆಳ್ಳಗೆ, ಶೀತಕ್ಕೆ ಬೇಗ ಅಂಟಿಕೊಳ್ಳುತ್ತದೆ. ಜೂನ್ ಹತ್ತಿರ ಬಂದಂತೆ ಕಬೋರ್ಡಿನಿಂದ ತೆಗೆದು, ಪೇಪರಿನಲ್ಲಿ ಸುತ್ತಿ, ಒಲೆಯ ಮೇಲಿನ ಅಟ್ಟದ ಅಂಚಿನಲ್ಲಿ ಇಡುತ್ತೇನೆ. ರಟ್ಟಿಗೆ ಹೊಗೆಯ ಬಣ್ಣ ಬಂದಿದೆ, ‘ಸಿ’ ಅಕ್ಷರದ ಒಂದೆರಡು ಹಾಳೆಯ ಮೂಲೆ ಸವೆದಿದೆ. ಹೊಲಿಗೆ ಇನ್ನೂ ಗಟ್ಟಿಯಾಗಿದೆ.