ಆರ್‌ಟಿಎಂಎಸ್ ಚಿಕಿತ್ಸೆಗಾಗಿ ತುಮಕೂರಿನಿಂದ ದಿನಾ ಓಡಾಡಿದೆ: ಒಂದೂವರೆ ವರ್ಷದ ಮೇಲೆ ನನ್ನ ಅನುಭವ

ಖಿನ್ನತೆಗೆ ನಾಲ್ಕು ವರ್ಷ ಮಾತ್ರೆ ನುಂಗಿದ್ದೆ. ಮೊದಲು ಎಸ್ಸಿಟಲೋಪ್ರಾಮ್, ಆಮೇಲೆ ವೆನ್ಲಾಫಾಕ್ಸಿನ್, ಎರಡೂ ಪೂರ್ತಿ ಡೋಸ್‌ನಲ್ಲಿ. ಅಳು ನಿಂತಿತು, ನಿದ್ದೆ ಬಂತು. ಆದರೆ ಬೆಳಿಗ್ಗೆ ಎದ್ದು ಒಲೆ ಹಚ್ಚಲೂ ಮನಸ್ಸು ಬರುತ್ತಿರಲಿಲ್ಲ. ಎರಡು ಔಷಧಿಗೂ ಬಗ್ಗದ ಖಿನ್ನತೆಗೆ ಆರ್‌ಟಿಎಂಎಸ್ ಮಾಡಿಸಬಹುದು ಎಂದವರು ನಮ್ಮೂರಿನ ಮನೋವೈದ್ಯರೇ. ತಲೆಯ ಮೇಲೆ ತಂತಿಯ ಸುರುಳಿ ಇಟ್ಟು, ಕಾಂತದ ಮಿಡಿತಗಳಿಂದ ಮೆದುಳಿನ ಒಂದು ಭಾಗವನ್ನು ಚುರುಕುಗೊಳಿಸುವ ಚಿಕಿತ್ಸೆ ಇದು.

ಸೂಕ್ತ ಜಾಗ ಹುಡುಕುವುದೇ ದೊಡ್ಡ ಕಷ್ಟವಾಯಿತು. ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು 30 ಸಲ ಹೋಗಬೇಕು. ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆ ಇದೆ. ಆದರೆ ರೈಲಿಳಿದು ಇಡೀ ಬೆಂಗಳೂರು ದಾಟಿ ದಿನಾ ಹೊಸೂರು ರಸ್ತೆಗೆ ಹೋಗುವ ತ್ರಾಣ ನನಗಿರಲಿಲ್ಲ. ಸ್ನಾನಕ್ಕೇ ಅರ್ಧ ದಿನ ಒದ್ದಾಡುತ್ತಿದ್ದ ಕಾಲ ಅದು. ಮೊದಲು ನೋಡಿದ ಖಾಸಗಿ ಕೇಂದ್ರದಲ್ಲಿ ‘ಗ್ಯಾರಂಟಿ ಗುಣ’ ಎಂದು ಪ್ಯಾಕೇಜ್ ದರ ಹೇಳಿದರು. ತಲೆಯಲ್ಲಿ ಲೋಹದ ಕ್ಲಿಪ್ ಇದೆಯಾ, ಫಿಟ್ಸ್ ಬಂದಿತ್ತಾ ಎಂದು ಮಾತ್ರ ಕೇಳಲಿಲ್ಲ. ಈ ಎರಡು ಪ್ರಶ್ನೆ ಕೇಳದ ಜಾಗದಲ್ಲಿ ದಯವಿಟ್ಟು ತಲೆ ಕೊಡಬೇಡಿ. ನಾವು ಎದ್ದು ಬಂದೆವು.

ಕೊನೆಗೆ ಯಶವಂತಪುರ ಸ್ಟೇಷನ್‌ಗೆ ಹತ್ತಿರದ ಒಂದು ಕ್ಲಿನಿಕ್ ಸಿಕ್ಕಿತು. ಅರ್ಧ ವೇತನ ರಜೆ ಹಾಕಿ, ರೈಲಿನ ಸೀಸನ್ ಪಾಸ್ ಮಾಡಿಸಿದೆ. ಮೊದಲ ವಾರ ನಮ್ಮನೆಯವರು ಜೊತೆಗೆ ಬಂದರು.

ಮೊದಲ ದಿನ ವೈದ್ಯರೇ ಕೂತು, ನನ್ನ ಬಲಗೈ ಹೆಬ್ಬೆರಳು ಮಿಡುಕಲು ಯಂತ್ರದ ಮಿಡಿತಕ್ಕೆ ಎಷ್ಟು ಶಕ್ತಿ ಬೇಕು ಎಂದು ಅಳೆದರು. ಅದರ 120 ಪ್ರತಿಶತ ಶಕ್ತಿಯಲ್ಲಿ ಹಣೆಯ ಎಡಭಾಗದ ಮೇಲೆ ಸುರುಳಿ ಇಟ್ಟು 3,000 ಮಿಡಿತ, ಸುಮಾರು 37 ನಿಮಿಷ. ಕಿವಿಗೆ ಪ್ಲಗ್. ಮರಕುಟಿಗ ಕುಟ್ಟಿದ ಹಾಗೆ ಟಕಟಕ ಬಡಿತ, ಜೊತೆಗೆ ಹುಬ್ಬಿನ ಹತ್ತಿರ ಸೆಳೆತ. ಮೊದಲ ವಾರ ತಲೆನೋವಿತ್ತು, ಪ್ಯಾರಸಿಟಮಾಲ್‌ನಲ್ಲಿ ಹೋಯಿತು. ನಮ್ಮ ಅತ್ತೆ ‘ಕರೆಂಟ್ ಕೊಡ್ತಾರಾ’ ಅಂತ ಹೆದರಿದ್ದರು. ಮೆದುಳಿಗೆ ಕರೆಂಟ್ ಹಾಯಿಸುವುದು ಇಸಿಟಿ, ಅದು ಬೇರೆ ಚಿಕಿತ್ಸೆ, ಅದಕ್ಕೆ ಅರಿವಳಿಕೆ ಬೇಕು. ಇದರಲ್ಲಿ ಎಚ್ಚರವಾಗಿಯೇ ಇರುತ್ತೀರಿ, ಮುಗಿದ ಕೂಡಲೇ ಎದ್ದು ರೈಲು ಹತ್ತಬಹುದು.

ಮೂರು ವಾರ ಏನೂ ಆಗಲಿಲ್ಲ. ಬಿಟ್ಟುಬಿಡೋಣ ಎಂದು ಎರಡು ಸಲ ಹೇಳಿದ್ದೆ. ನಾಲ್ಕನೇ ವಾರ ಒಂದು ಸಂಜೆ ದಾಬಸ್‌ಪೇಟೆ ದಾಟುವಾಗ ಶಿವಗಂಗೆ ಬೆಟ್ಟ ಕಂಡಿತು. ಅಷ್ಟು ದಿನ ಅದೇ ದಾರಿಯಲ್ಲಿ ಹೋಗಿದ್ದರೂ ಅವತ್ತೇ ನೋಡಿದ್ದು. ಮನೆಗೆ ಬಂದು ಮಗಳಿಗೆ ಅವಲಕ್ಕಿ ಒಗ್ಗರಣೆ ಮಾಡಿಕೊಟ್ಟೆ. ಖಿನ್ನತೆ ಎಷ್ಟಿದೆ ಎಂದು ಅಳೆಯುವ ಹ್ಯಾಮಿಲ್ಟನ್ ಪ್ರಶ್ನಾವಳಿಯಲ್ಲಿ (ಅಂಕ ಕಡಿಮೆಯಾದಷ್ಟೂ ಒಳ್ಳೆಯದು) ನನ್ನ ಅಂಕ 24ರಿಂದ 9ಕ್ಕೆ ಇಳಿಯಿತು.

ಹತ್ತು ತಿಂಗಳ ಮೇಲೆ ಮತ್ತೆ ಕುಸಿದೆ. ಇದನ್ನು ಮುಚ್ಚಿಡುವುದಿಲ್ಲ, ಯಾಕೆಂದರೆ ಹಾಗಾದಾಗ ‘ಎಲ್ಲ ವ್ಯರ್ಥ’ ಎಂಬ ಭಯ ಬಲು ಕೆಟ್ಟದ್ದು. ಮತ್ತೆ 10 ಸಲ ಹೋದೆ, ಈ ಬಾರಿ ಮಿಡಿತಗಳನ್ನು ಗೊಂಚಲು ಗೊಂಚಲಾಗಿ ಬೇಗ ಕೊಡುವ ಥೀಟಾ ಬರ್ಸ್ಟ್ ವಿಧಾನ: 600 ಮಿಡಿತ, ಮೂರೇ ನಿಮಿಷ. 2018ರಲ್ಲಿ ಕೆನಡಾದಲ್ಲಿ 414 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಇದು 37 ನಿಮಿಷದ ವಿಧಾನಕ್ಕಿಂತ ಕಡಿಮೆಯೇನಲ್ಲ ಎಂದು ಕಂಡುಬಂತು. ದೂರದಿಂದ ಓಡಾಡುವವರು ಇದರ ಬಗ್ಗೆ ಖಂಡಿತ ಕೇಳಿ. ನನಗೆ ಮಧ್ಯಾಹ್ನದ ರೈಲಿಗೇ ವಾಪಸ್ ಬರಲು ಸಾಧ್ಯವಾಯಿತು.

ಖರ್ಚು ಸಲಕ್ಕೆ 1,800 ರೂಪಾಯಿ. ವಿಮಾ ಕಂಪನಿ ‘ಅಡ್ಮಿಟ್ ಆಗಿಲ್ಲ’ ಎಂದು ಕೊಡಲಿಲ್ಲ. ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಅದನ್ನು ಹಿಡಿದು ದೂರು ಬರೆದಿದ್ದೇನೆ, ಇನ್ನೂ ಉತ್ತರವಿಲ್ಲ.

ಈಗ ಮತ್ತೆ ಶಾಲೆಯ ಕೆಲಸಕ್ಕೆ ಹೋಗುತ್ತಿದ್ದೇನೆ. ವೆನ್ಲಾಫಾಕ್ಸಿನ್ ಕಡಿಮೆ ಡೋಸ್‌ನಲ್ಲಿ ಮುಂದುವರಿದಿದೆ. ಕ್ಲಿನಿಕ್‌ನವರು ತಿಂಗಳಿಗೊಮ್ಮೆ ಫೋನ್ ಮಾಡಿ ಅದೇ ಹ್ಯಾಮಿಲ್ಟನ್ ಪ್ರಶ್ನೆಗಳನ್ನು ಕೇಳುತ್ತಾರೆ, ಕಳೆದ ವಾರದ ಅಂಕ 7.