ಕಂಪನಿ ಸಾಕೆಟ್ ಕತ್ತರಿಸಲು ಬಿಡಬೇಡಿ: ಕಾರಿಗೆ ಹೊಸ ಸ್ಟೀರಿಯೋ ಹಾಕಿಸಿ ನಾನು ಪಟ್ಟ ಪಾಡು

ಕಾರಿನ ಸ್ಟೀರಿಯೋ ಬದಲಾಯಿಸಬೇಕು ಅಂತಿರುವ ನಮ್ಮ ಕೊಡಗಿನವರು ಇದನ್ನು ಓದಿಕೊಂಡೇ ಅಂಗಡಿಗೆ ಹೋಗಿ. ಫಿಟ್ಟಿಂಗ್ ಹುಡುಗ ಕಟಿಂಗ್ ಪ್ಲೇಯರ್ ಹಿಡಿದು ಡ್ಯಾಶ್‌ಬೋರ್ಡಿನೊಳಗೆ ಕೈ ಹಾಕಿದನೋ, ಅಲ್ಲಿಗೇ ನಿಲ್ಲಿಸಿ. ನಾನು ನಿಲ್ಲಿಸಲಿಲ್ಲ. ಪಕ್ಕದಲ್ಲೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಾ ನೋಡುತ್ತಿದ್ದೆ.

ನಾನು ದಿನಾ ಮೂರ್ನಾಡಿನಿಂದ ಮಡಿಕೇರಿಗೆ ಕೆಲಸಕ್ಕೆ ಹೋಗಿ ಬರುವವಳು. ಎಂಟು ವರ್ಷದ ಹಳೆ ಕಾರು, ಕಂಪನಿಯವರೇ ಕೊಟ್ಟ ಸ್ಟೀರಿಯೋ. ಸಿಡಿ ತಿನ್ನುವುದನ್ನು ಅದು ಯಾವತ್ತೋ ಬಿಟ್ಟಿತ್ತು, ಡಿಸ್‌ಪ್ಲೇ ಅರ್ಧ ಮಂಕಾಗಿತ್ತು. ಆದರೆ 103.1ರಲ್ಲಿ ಮಡಿಕೇರಿ ಆಕಾಶವಾಣಿ ಮಾತ್ರ ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜೂನ್‌ನಲ್ಲಿ ಆನ್‌ಲೈನಿನಲ್ಲಿ ಒಂಬತ್ತು ಇಂಚಿನ ಆಂಡ್ರಾಯ್ಡ್ ಸೆಟ್ ತರಿಸಿದೆ, 7,800 ರೂಪಾಯಿ. ಹಾಕಿಸಲು ಕುಶಾಲನಗರದ ಒಂದು ಅಂಗಡಿಗೆ ಹೋದೆ. ಹೆಸರು ಬೇಡ. ಡಬ್ಬಿ ನೋಡಿದ ಕೂಡಲೇ ಹುಡುಗನ ಮುಖ ಹುಳ್ಳಗಾಯಿತು. "ಆನ್‌ಲೈನ್ ಮಾಲಾ ಅಕ್ಕ? ಹಂಗಾದ್ರೆ ಫಿಟ್ಟಿಂಗ್ 1,500 ಆಗುತ್ತೆ." ಆಗಲಿ ಅಂದೆ. ಕಪ್ಲರ್ ಬೇಡವಾ ಅಂತಲೂ ಕೇಳಿದೆ, ಅಷ್ಟು ಓದಿಕೊಂಡೇ ಹೋಗಿದ್ದೆ. ಕಪ್ಲರ್ ಅಂದರೆ ಕಾರಿನ ಕಡೆಯ ಸಾಕೆಟ್ಟಿಗೂ ಹೊಸ ಸೆಟ್ಟಿನ ಪ್ಲಗ್ಗಿಗೂ ಮಧ್ಯೆ ಸಿಕ್ಕಿಸುವ ಜೋಡಣೆ. ಅದಿದ್ದರೆ ಒಂದು ವೈರನ್ನೂ ಕತ್ತರಿಸಬೇಕಾಗಿಲ್ಲ, ನಾಳೆ ಬೇಡವಾದರೆ ಕಿತ್ತು ಹಳೆಯ ಸೆಟ್ಟನ್ನೇ ಹಾಕಿಕೊಳ್ಳಬಹುದು.

"ಅದೆಲ್ಲ ಸುಮ್ನೆ 400 ರೂಪಾಯಿ ದಂಡ ಅಕ್ಕ. ಡೈರೆಕ್ಟ್ ಜಾಯಿಂಟ್ ಮಾಡಿದ್ರೆ ಗಟ್ಟಿ."

400 ಉಳಿಯಿತಲ್ಲ ಅಂತ ನಾನೂ ಸುಮ್ಮನಾದೆ. ತಪ್ಪಿನಲ್ಲಿ ನನ್ನ ಪಾಲು ಇಷ್ಟು. ಅವನು ಕಂಪನಿ ಸಾಕೆಟ್ಟನ್ನು ಕಚಕ್ ಅಂತ ಕತ್ತರಿಸಿ ಕಸದ ಬುಟ್ಟಿಗೆ ಎಸೆದ. ಆಮೇಲೆ ಹಳದಿಗೆ ಹಳದಿ, ಕೆಂಪಿಗೆ ಕೆಂಪು ಅಂತ ಬಣ್ಣ ನೋಡಿ ಹೊಸೆದು ಕಪ್ಪು ಟೇಪು ಸುತ್ತಿದ. ಪ್ಯಾನೆಲ್ ಒತ್ತಿ ಕೂರಿಸುವಾಗ ಒಳಗೆ 'ಟಕ್' ಅಂತ ಏನೋ ಮುರಿಯಿತು. "ಅದೇನಿಲ್ಲ, ಕ್ಲಿಪ್ ಕೂತಿದ್ದು" ಅಂದ.

ಮಾರನೆಯ ಬೆಳಿಗ್ಗೆ ಕೀ ತಿರುಗಿಸಿದರೆ ಸೆಟ್ಟಿಗೆ ಏನೂ ನೆನಪಿಲ್ಲ. ತಾರೀಕು ಜನವರಿ 1. ಬ್ಲೂಟೂತಿಗೆ ನನ್ನ ಫೋನಿನ ಗುರುತಿಲ್ಲ. ರಾತ್ರಿ ಸೇವ್ ಮಾಡಿದ ಸ್ಟೇಷನ್ ಇಲ್ಲ. 103.1 ಹುಡುಕಿ ಹಾಕಿದರೆ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ, ಅದರ ಅಡಿಯಲ್ಲಿ ಯಾರೋ ವಾರ್ತೆ ಓದುತ್ತಿದ್ದಾರೆ.

ಮತ್ತೆ ಕುಶಾಲನಗರ. ಆ ಮಳೆಯಲ್ಲಿ ಹೋಗಿ ಬರುವುದೆಂದರೆ ಅರ್ಧ ದಿನದ ರಜೆ. ಮೊದಲು "ನಿಮ್ ಮೊಬೈಲ್ ಪ್ರಾಬ್ಲಂ" ಅಂದ. ಆಮೇಲೆ "ಮನೇಲಿ ಸಾರ್ ಇದ್ರೆ ಕಳ್ಸಿ ಅಕ್ಕ, ಅವರಿಗೆ ಹೇಳ್ತೀನಿ" ಅಂದ. ಕಾರು ಓಡಿಸುವವಳು ನಾನು, ದುಡ್ಡು ಕೊಟ್ಟವಳು ನಾನು, ವಿವರಣೆ ಮಾತ್ರ ಸಾರ್‌ಗೆ! ಕಡೆಗೆ ಹತ್ತು ನಿಮಿಷ ಏನೋ ಮಾಡಿದ, ನೆನಪು ನಿಂತಿತು. ರೇಡಿಯೋಗೆ ಅವನ ಉತ್ತರ "ಮಡಿಕೇರಿ ಕಡೆ ಸಿಗ್ನಲ್ಲೇ ಹಂಗೆ." ಹೊರಡುವಾಗ ಕೀ ತೆಗೆದರೂ ಸೆಟ್ ಆರುತ್ತಿಲ್ಲ, ಬಟನ್ ಒತ್ತಿಯೇ ಆರಿಸಬೇಕು ಅನ್ನುವುದು ಕಂಡಿತು. ಕೇಳಿದ್ದಕ್ಕೆ "ಹೊಸ ಮಾಡೆಲ್ ಅಲ್ವಾ, ಅದು ಫೀಚರ್" ಅಂದ.

ಆ ಫೀಚರ್ ಏನು ಅಂತ ಗೊತ್ತಾಗಿದ್ದು 2025ರ ಆಗಸ್ಟ್ 3, ಭಾನುವಾರ. ಆಟಿ ಹದಿನೆಂಟು, ನಮ್ಮಲ್ಲಿ ಮದ್ದು ಸೊಪ್ಪು ತಿನ್ನುವ ದಿನ. ಅಮ್ಮ ಬೆಳಿಗ್ಗೆಯೇ ಎದ್ದು ಮದ್ದು ಸೊಪ್ಪಿನ ಪಾಯಸ ಮಾಡಿದ್ದರು, ಭಾಗಮಂಡಲದ ಕಡೆ ಇರುವ ಅಜ್ಜಿ ಮನೆಗೆ ಒಯ್ಯಬೇಕು. ಅಮ್ಮ ತೊಡೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂತಾಗಿತ್ತು. ಕೀ ತಿರುಗಿಸಿದೆ. ಟಿಕ್ ಟಿಕ್ ಟಿಕ್. ಶುಕ್ರವಾರ ಸಂಜೆ ನಿಲ್ಲಿಸಿದ ಕಾರು ಸತ್ತುಬಿದ್ದಿತ್ತು. ನಮ್ಮ ಅಂಗಳ ಇಳಿಜಾರು, ಪುಣ್ಯ. ಬಾವ, ಪಕ್ಕದ ಮನೆಯ ಇಬ್ಬರು ಹುಡುಗರು ಕೊಡೆ ಬಿಸಾಕಿ ತಳ್ಳಿದರು, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟೆ, ಕಾರು ಜಗ್ಗಿ ಸ್ಟಾರ್ಟ್ ಆಯಿತು. ಆ ಜಗ್ಗಿಗೆ ಡಬ್ಬಿಯ ಮುಚ್ಚಳ ಹಾರಿ ಅರ್ಧ ಪಾಯಸ ಸೀಟಿಗೆ. ಸೊಪ್ಪಿನ ನೇರಳೆ ಕಲೆ ಇವತ್ತಿಗೂ ಇದೆ.

ಬಾವನೇ ನಾಪೋಕ್ಲು ಕಡೆಯ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕರೆದುಕೊಂಡು ಹೋದ. ಅವರು ಸ್ಟೀರಿಯೋ ಮುಟ್ಟಲೇ ಇಲ್ಲ. ಕೀ ತೆಗೆಸಿ, ಬಾಗಿಲು ಹಾಕಿಸಿ, ಬ್ಯಾಟರಿಯ ಮೈನಸ್ ಕಳಚಿ ಮಧ್ಯೆ ಮೀಟರ್ ಸೇರಿಸಿದರು. 0.42 ಆಂಪಿಯರ್. ಫ್ಯೂಸ್ ಬಾಕ್ಸಿನಿಂದ ಆಡಿಯೋ ಫ್ಯೂಸ್ ಎಳೆದರು. 0.02. "ನೋಡಮ್ಮ, ಮಲಗಿರೋ ಕಾರು ಇಷ್ಟೇ ಕುಡೀಬೇಕು. ನಿನ್ನದು ಇಪ್ಪತ್ತರಷ್ಟು ಕುಡೀತಿತ್ತು." ನನ್ನದು 35 ಆಂಪಿಯರ್-ಅವರ್ ಬ್ಯಾಟರಿ, ಮೂರು ವರ್ಷ ಹಳೆಯದು. ಗಂಟೆಗೆ 0.42ರಂತೆ ಎರಡು ರಾತ್ರಿ ಒಂದು ಹಗಲು ಹೀರಿದರೆ ಅರ್ಧದಷ್ಟು ಖಾಲಿ, ಇಂಜಿನ್ ತಿರುಗಿಸಲು ಉಳಿಯುವುದೇನು?

ಪ್ಯಾನೆಲ್ ಬಿಚ್ಚಿದಾಗ ಕಥೆ ಪೂರ್ತಿ ಕಂಡಿತು. ಹೊಸ ಸೆಟ್ಟಿನ ಹಳದಿ ವೈರಿಗೆ ಸದಾ ಬ್ಯಾಟರಿ ಕರೆಂಟ್ ಬರಬೇಕು, ನೆನಪು ಉಳಿಯುವುದು ಅದರಿಂದ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು, ಸೆಟ್ ಏಳುವುದೂ ಮಲಗುವುದೂ ಅದರಿಂದ. ಕಾರಿನ ಕಡೆಯ ವೈರುಗಳ ಬಣ್ಣ ಒಂದೊಂದು ಕಂಪನಿಯದು ಒಂದೊಂದು ರೀತಿ, ಟೆಸ್ಟರ್ ಇಟ್ಟು ನೋಡದೆ ಗೊತ್ತಾಗುವುದಿಲ್ಲ. ನಮ್ಮ ಹುಡುಗ ಬಣ್ಣ ನಂಬಿದ್ದ. ಮೊದಲ ಸಲ ಎರಡೂ ಕೀ ಲೈನಿಗೆ ಹೋಗಿದ್ದವು, ಸೆಟ್ಟಿಗೆ ಮರೆವು. ಎರಡನೆಯ ಸಲ ಎರಡನ್ನೂ ಸೇರಿಸಿ ಬ್ಯಾಟರಿ ಲೈನಿಗೇ ಹೊಸೆದಿದ್ದ, ಸೆಟ್ಟಿಗೆ ನಿದ್ದೆಯಿಲ್ಲ. ಬಟನ್ ಒತ್ತಿದರೆ ಪರದೆ ಕಪ್ಪಾಗುತ್ತಿತ್ತು ಅಷ್ಟೇ, ಒಳಗೆ ಎದ್ದೇ ಇರುತ್ತಿತ್ತು. ಟೇಪಿನ ಗೋಂದು ಮಳೆಗಾಲದ ತೇವಕ್ಕೆ ಅಂಟಂಟಾಗಿ ಸರಿದು ಎರಡು ಜಾಯಿಂಟಿನ ತಾಮ್ರ ಹೊರಗೆ ಕಾಣುತ್ತಿತ್ತು. ಇನ್ನು ರೇಡಿಯೋ: ನನ್ನ ಕಾರಿನ ಆಂಟೆನಾ ಬುಡದಲ್ಲಿ ಪುಟ್ಟ ಆಂಪ್ಲಿಫಯರ್ ಇದೆಯಂತೆ, ಅದಕ್ಕೆ ಸೆಟ್ಟಿನ ನೀಲಿ ವೈರಿನಿಂದ ಕರೆಂಟ್ ಹೋಗಬೇಕು. ನೀಲಿ ವೈರು ತುದಿಯನ್ನೂ ಬಿಡಿಸದೆ ಸುರುಳಿಯಾಗಿ ಹಾಗೇ ಬಿದ್ದಿತ್ತು.

ಗುಜರಿಯಿಂದ ಅದೇ ಮಾಡೆಲಿನ ಸಾಕೆಟ್ ತರಿಸಿ, ಸಾಲ್ಡರ್ ಮಾಡಿ, ಮೇಲೆ ಸ್ಲೀವ್ ಹಾಕಿ, ಕಪ್ಲರ್ ಸಿಕ್ಕಿಸಿ ಕೊಟ್ಟರು. ಎಲ್ಲ ಸೇರಿ 1,400. ಬ್ಯಾಟರಿ ಆಮೇಲೆ ಚೇತರಿಸಿಕೊಳ್ಳಲಿಲ್ಲ, ಅದಕ್ಕೆ 4,300. ಉಳಿಸಿದ್ದು 400.

ಕುಶಾಲನಗರಕ್ಕೆ ಫೋನ್ ಮಾಡಿದೆ. "ಬೇರೆಯವರು ಕೈ ಹಾಕಿದ ಮೇಲೆ ನಮ್ ಜವಾಬ್ದಾರಿ ಇಲ್ಲ" ಅಂದರು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಅಂದರೆ ನನ್ನ ಹತ್ತಿರ ಬಿಲ್ಲೇ ಇಲ್ಲ, ಇರುವುದು ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಗೀಚಿದ '1500 ಪೇಯ್ಡ್'. ನೀವು ಹೋದರೆ ಫಿಟ್ಟಿಂಗ್ ಅಂತ ಬರೆಸಿ ಬಿಲ್ ತೆಗೆದುಕೊಳ್ಳಿ. ನಿಮ್ಮ ಕಾರಿನ ಮಾಡೆಲಿನ ಕಪ್ಲರ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ದುಡ್ಡು ಕೊಡುವ ಮೊದಲು ಅಲ್ಲೇ ಕೀ ತೆಗೆದು ಸೆಟ್ ತಾನಾಗಿ ಆರುತ್ತದಾ ನೋಡಿ, ಐದು ನಿಮಿಷ ಬಿಟ್ಟು ಹಾಕಿ ಸ್ಟೇಷನ್ ನೆನಪಿದೆಯಾ ನೋಡಿ, ನಾಲ್ಕೂ ಸ್ಪೀಕರಿಗೆ ಕಿವಿ ಇಡಿ, ಹಾರ್ನು, ಇಂಡಿಕೇಟರು, ವೈಪರು ಎಲ್ಲ ಒಮ್ಮೆ ಹಾಕಿ ನೋಡಿ. ಹುಡುಗ ಮುಖ ಸಿಂಡರಿಸುತ್ತಾನೆ, ಸಿಂಡರಿಸಲಿ.

ಈಗ 103.1 ಮೊದಲಿನ ಹಾಗೇ ಬರುತ್ತಿದೆ. ಮುರಿದ ಕ್ಲಿಪ್ ಮಾತ್ರ ಸಿಕ್ಕಿಲ್ಲ, ಮೇಕೇರಿ ತಿರುವುಗಳಲ್ಲಿ ಪ್ಯಾನೆಲ್ ಕಟಕಟ ಅನ್ನುತ್ತಿತ್ತು. ಆ ವಿಸಿಟಿಂಗ್ ಕಾರ್ಡನ್ನೇ ನಾಲ್ಕು ಮಡಿಕೆ ಮಾಡಿ ಸಂದಿಗೆ ತುರುಕಿದ್ದೇನೆ. ಸದ್ದು ನಿಂತಿದೆ.