ನೀಲಿ-ಬಿಳಿ ಹೂದಾನಿ: ಯುವಾನ್ ಶೈಲಿಯೋ, ಕಾಂಗ್‌ಶಿ ಶೈಲಿಯೋ?

ನಮ್ಮ ಮನೆಯ ಶೆಲ್ಫಿನಲ್ಲಿ ಮೂರು ಚೀನೀ ಪಿಂಗಾಣಿ ಹೂದಾನಿಗಳಿವೆ. ಮೂರೂ ಜಿಂಗ್‌ಡೆಝೆನ್ ಊರಿನ ಹೊಸ ಮಾಲು. ಒಂದು 14ನೇ ಶತಮಾನದ ಯುವಾನ್ ರಾಜವಂಶದ ಕಾಲದ ರೀತಿಯದು. ಇನ್ನೊಂದು ಕಾಂಗ್‌ಶಿ ಚಕ್ರವರ್ತಿಯ (1662–1722) ಕಾಲದ ರೀತಿಯದು. ಮೂರನೆಯದಕ್ಕೆ ಪ್ರಿಂಟ್ ಮಾಡಿದ ಚಿತ್ರ ಅಂಟಿಸಿ ಸುಟ್ಟಿದ್ದಾರೆ.

ಪ್ರಿಂಟಿನದು ದೂರದಿಂದ ಚೆಂದ, ಬೆಲೆಯೂ ಕಡಿಮೆ. ಹತ್ತಿರ ಹೋದರೆ ನೀಲಿ ಎಲ್ಲ ಕಡೆ ಒಂದೇ ಸಮ. ಕತ್ತಿನ ಬಳಿ ಬಳ್ಳಿ ಸುಕ್ಕಾಗಿದೆ, ಹಿಂದೆ ಜೋಡಣೆಯ ಗೆರೆ ಕಾಣುತ್ತದೆ. ದಿನಬಳಕೆಗೆ ಸಾಕು, ಅಷ್ಟೇ.

ನಿಜವಾದ ಪೈಪೋಟಿ ಕೈಯಲ್ಲಿ ಬರೆದ ಎರಡರ ನಡುವೆ. ಎರಡನ್ನೂ ಮಾಡುವ ಕ್ರಮ ಒಂದೇ. ಇನ್ನೂ ಸುಡದ ಒಣ ಮಣ್ಣಿನ ಮೇಲೆ ಕೋಬಾಲ್ಟ್‌ನಲ್ಲಿ (ನೀಲಿ ಕೊಡುವ ಲೋಹದ ಬಣ್ಣ) ಬರೆದು, ಗಾಜಿನಂಥ ಲೇಪ, ಅಂದರೆ ಗ್ಲೇಜ್ ಕೊಟ್ಟು, ಸುಮಾರು 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಬರೆಯುವಾಗ ಬಣ್ಣ ಬೂದುಗಪ್ಪು. ನೀಲಿ ಹುಟ್ಟುವುದು ಬೆಂಕಿಯಲ್ಲೇ.

ಯುವಾನ್ ಶೈಲಿಯಲ್ಲಿ ಖಾಲಿ ಜಾಗ ಬಲು ಕಡಿಮೆ. ಕತ್ತಿಗೆ ಬಾಳೆ ಎಲೆ, ಹೆಗಲಿಗೆ ಹೂಬಳ್ಳಿ, ಹೊಟ್ಟೆಗೆ ಡ್ರ್ಯಾಗನ್. ಈ ರೀತಿಯ ಹೆಸರಾಂತ ಜೋಡಿ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಕತ್ತಿನ ಮೇಲಿನ ಬರಹ 1351ನೇ ಇಸವಿಯದು. ಬೇರೆಬೇರೆಯಾಗಿದ್ದ ಆ ಎರಡನ್ನೂ ಮತ್ತೆ ಜೊತೆಗೂಡಿಸಿದ ಚೀನೀ ಪಿಂಗಾಣಿ ಸಂಗ್ರಾಹಕ ಪರ್ಸಿವಲ್ ಡೇವಿಡ್ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ! ಯುವಾನ್ ಕಾಲದಲ್ಲಿ ಹೊರನಾಡಿನಿಂದ ತರಿಸುತ್ತಿದ್ದ ಕೋಬಾಲ್ಟ್‌ನಲ್ಲಿ ಕಬ್ಬಿಣ ಜಾಸ್ತಿ. ಬಣ್ಣ ದಪ್ಪಗೆ ಬಿದ್ದ ಕಡೆ ಕಪ್ಪು ಚುಕ್ಕೆ ತಾನಾಗಿ ಏಳುತ್ತಿತ್ತು. ನನ್ನ ಹೂದಾನಿಯಲ್ಲಿ ಆ ಚುಕ್ಕೆಗಳನ್ನು ಬ್ರಶ್ಶಿನಿಂದ ಬೇಕೆಂದೇ ಇಟ್ಟಿದ್ದಾರೆ. ಹಳೆಯ ನೀಲಿ-ಬಿಳಿ ಪಾತ್ರೆಗಳನ್ನು ನೋಡಿ 18ನೇ ಶತಮಾನದಲ್ಲಿ ಮಾಡಿದ ನಕಲುಗಳಲ್ಲೂ ಹೀಗೇ ಇತ್ತು. ಆದರೆ ಸಾಲಾಗಿ ಬಂದ ಚುಕ್ಕೆ ಕಣ್ಣಿಗೆ ಚುಚ್ಚುತ್ತದೆ, ಅಲ್ವಾ?

ಕಾಂಗ್‌ಶಿ ಶೈಲಿಯದರಲ್ಲಿ ಬಿರುಕು ಬಿಟ್ಟ ಮಂಜುಗಡ್ಡೆ, ಅದರ ಮೇಲೆ ಬಿಳಿ ಪ್ಲಮ್ ಹೂ. ಚಳಿ ಮುಗಿದು ವಸಂತ ಬರುತ್ತಿದೆ ಅಂತ ಅರ್ಥ. ಇದರ ಸೊಗಸೆಲ್ಲ ನೀಲಿಯ ಏರಿಳಿತದಲ್ಲಿದೆ. ಮೊದಲು ಗೆರೆ ಎಳೆದು, ಆಮೇಲೆ ತೆಳು ಕೋಬಾಲ್ಟ್ ನೀರು ತುಂಬಿದ ದಪ್ಪ ಬ್ರಶ್ಶಿನಿಂದ ಗೆರೆಯೊಳಗೆ ಬಣ್ಣ ಹರಿಸುತ್ತಾರೆ. ಒಣ ಮಣ್ಣು ನೀರನ್ನು ಥಟ್ಟನೆ ಹೀರುತ್ತದೆ, ಕೈ ತಡವರಿಸಿದರೆ ಕಲೆ ಉಳಿಯುತ್ತದೆ. ನನ್ನದರಲ್ಲಿ ಗಾಢ ನೀಲಿ ಮೆಲ್ಲಗೆ ತೆಳುವಾಗುತ್ತಾ ಹೋಗುತ್ತದೆ, ಬ್ರಶ್ಶಿನ ಗುರುತೇ ಇಲ್ಲ. ಎಷ್ಟು ನೋಡಿದರೂ ಬೇಸರವಿಲ್ಲ.

ಎರಡರಲ್ಲೂ ಸುಗಂಧರಾಜ ಇಟ್ಟು ನೋಡಿದೆ. ಡ್ರ್ಯಾಗನ್ ಎದುರು ಹೂ ಮಂಕಾಯಿತು. ಮಂಜುಗಡ್ಡೆಯ ನೀಲಿಯ ಮೇಲೆ ಅದೇ ಬಿಳಿ ಎದ್ದು ಕಂಡಿತು. ಒಂದನ್ನೇ ಕೊಳ್ಳುವುದಾದರೆ ಕಾಂಗ್‌ಶಿ ಶೈಲಿಯದನ್ನೇ ತಗೊಳ್ಳಿ. ಯುವಾನ್ ಶೈಲಿಯದನ್ನು ಹೂವಿಲ್ಲದೆ ಒಂಟಿಯಾಗಿ ನಿಲ್ಲಿಸಬೇಕು, ಸುತ್ತ ಸ್ವಲ್ಪ ಜಾಗ ಬಿಟ್ಟು.